ಎಂಟು ಕಿಲೋ ಓಟ್ಸ್

ಭಾನುವಾರ, ಮಧ್ಯಾಹ್ನ

ನನ್ನ ಮಗಳ ಅಪ್ಪನಿಗೆ,

ನಮಸ್ಕಾರ. ಹೀಗೆ ಶುರುಮಾಡಿದ್ದಕ್ಕೆ ನಗಬೇಡಿ. ಮದುವೆಯಾದಾಗಿನಿಂದ ನಿಮ್ಮನ್ನು ‘ರೀ’ ಎಂದೇ ಕರೆದವಳು ನಾನು. ಅದನ್ನು ಕಾಗದದ ಮೇಲೆ ಬರೆದರೆ ಅಡುಗೆಮನೆಯಿಂದ ಕೂಗಿದ ಹಾಗೆ ಕಾಣುತ್ತದೆ. ‘ಪ್ರಿಯ’ ಎಂದು ಬರೆಯಲು ಕೈ ಹೋಗಲಿಲ್ಲ. ಫೋನ್ ಮಾಡಬಹುದಿತ್ತು ನಿಜ. ಆದರೆ ಫೋನಿನಲ್ಲಿ ನೀವು ‘ಹ್ಞೂಂ’ ಅನ್ನುತ್ತೀರಿ, ಆ ‘ಹ್ಞೂಂ’ಗೆ ಏನರ್ಥ ಎಂದು ನಾನು ಕೇಳುತ್ತೇನೆ, ಅಲ್ಲಿಗೆ ಮಾತು ಕೆಡುತ್ತದೆ.

ಮುಂದಿನ ತಿಂಗಳಿಂದ ಮಗಳು ಶಾಲೆಯ ದಿನಗಳಲ್ಲಿ ನಿಮ್ಮ ಹತ್ತಿರ ಇರಲಿ, ಶನಿವಾರ ಭಾನುವಾರ ನನ್ನ ಹತ್ತಿರ ಬರಲಿ ಎಂದು ಕೇಳಿದ್ದೀರಿ. ಅಂದರೆ ಈಗ ಇರುವುದನ್ನು ಪೂರಾ ತಿರುವುಮುರುವು ಮಾಡಿದಂತೆ. ಅವಳಿಗೂ ಇಷ್ಟ, ಶಾಲೆಗೂ ಹತ್ತಿರ ಎಂದಿರಿ. ನಾನು ಇಷ್ಟು ದಿನ ಉತ್ತರ ಕೊಡಲಿಲ್ಲ. ಯೋಚನೆ ಮಾಡುತ್ತಿದ್ದಾಳೆ ಅಂದುಕೊಂಡಿರಬಹುದು. ಯೋಚನೆ ಮಾಡುತ್ತಿರಲಿಲ್ಲ. ನಿಮ್ಮ ಮನೆಯಲ್ಲಿ ಅಡುಗೆ ಮಾಡುತ್ತಿರುವ ಹೆಂಗಸು ಯಾರು ಎಂದು ಹುಡುಕುತ್ತಿದ್ದೆ.

ಸಿಟ್ಟಾಗುವ ಮೊದಲು ಪೂರ್ತಿ ಓದಿ. ವಿಮಾ ಕಂಪನಿಯಲ್ಲಿ ಜನ ಬರೆದು ಕಳಿಸುವ ನಷ್ಟದ ಕಥೆಗಳನ್ನು ಓದುತ್ತಾ, ಎಲ್ಲಿ ತಾಳೆಯಾಗುವುದಿಲ್ಲವೋ ಅಲ್ಲಿ ಪೆನ್ಸಿಲ್ ಗೆರೆ ಎಳೆಯುವುದು ನನ್ನ ಕೆಲಸ. ಅನುಮಾನ ಪಡುವುದಕ್ಕೇ ನನಗೆ ಸಂಬಳ. ಆ ಪೆನ್ಸಿಲನ್ನು ನಾನು ಮನೆಗೂ ತರುತ್ತೇನೆ ಎಂದು ನೀವು ದೂರುತ್ತಿದ್ದಿರಿ. ಇರಬಹುದು. ನೀವು ಎಲ್ಲವನ್ನೂ ಮುಚ್ಚಿಡುವವರು, ನಾನು ಎಲ್ಲವನ್ನೂ ಕೆದಕುವವಳು. ಯಾವುದು ಮೊದಲು ಶುರುವಾಯಿತು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಮೊದಲು ಬಂದದ್ದು ಆ ಡಬ್ಬಿ. ಭಾನುವಾರ ಸಂಜೆ ನಿಮ್ಮಲ್ಲಿಂದ ಬಂದ ಮಗಳು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟಳು. ಒಳಗೆ ಓಟ್ಸ್ ಬಾರ್‌ಗಳು. ಖರ್ಜೂರ ಅರೆದು, ಬಾದಾಮಿ ಸೇರಿಸಿ, ಒತ್ತಿ ಬೇಯಿಸಿದ್ದು. ಸ್ಕೇಲ್ ಹಿಡಿದು ಕತ್ತರಿಸಿದಂತೆ ಎಲ್ಲವೂ ಒಂದೇ ಅಳತೆ. ಯಾರು ಮಾಡಿದ್ದು ಎಂದೆ. “ಅಪ್ಪನೇ ಮಾಡಿದ್ದು” ಎಂದಳು. ನನಗೆ ನಗು ಬಂತು. ನೀವು ಬ್ರೆಡ್ ಸುಟ್ಟುಕೊಂಡಾಗ ಕಟ್ಟಡದ ಅರ್ಧ ಜನ ಹೊರಗೆ ಬಂದು ನಿಂತದ್ದು ನೆನಪಿದೆಯಲ್ಲ? ಒಂದು ತುಂಡು ಬಾಯಿಗಿಟ್ಟೆ. ಓಟ್ಸನ್ನು ಮೊದಲು ಹುರಿದಿದ್ದರು. ಹಸಿ ವಾಸನೆ ಒಂದು ಚೂರೂ ಇರಲಿಲ್ಲ. ಕಿತ್ತಳೆ ಸಿಪ್ಪೆಯನ್ನು ಬಿಳಿ ಭಾಗ ಸೋಕದ ಹಾಗೆ ತುರಿದು ಹಾಕಿದ್ದರು. ಇಷ್ಟು ತಾಳ್ಮೆಯ ಕೈ ನಿಮ್ಮದಲ್ಲ ಎಂದು ಅಲ್ಲೇ ತೀರ್ಮಾನಿಸಿದೆ. ಒಂದು ತುಂಡಿಗೆ ನಿಲ್ಲಲಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ.

ಆಮೇಲೆ ಒಂದೊಂದೇ. ಮುಂದಿನ ವಾರ ಓಟ್ಸ್ ಬಿಸ್ಕತ್ತು ಬಂತು, ಅದರಾಚೆ ವಾರ ಸೇಬಿನ ಹೋಳುಗಳ ಮೇಲೆ ಬೆಣ್ಣೆ, ಬೆಲ್ಲ, ಓಟ್ಸ್ ಉದುರಿಸಿ ಬೇಯಿಸಿದ ಸಿಹಿ ಬಂತು. ಮಗಳು ಬೆಳಗಿನ ಬ್ರೆಡ್ ತಿನ್ನುವುದನ್ನು ಬಿಟ್ಟಳು. ಮಲಗುವ ಮುಂಚೆ ಗಾಜಿನ ಬಾಟಲಿಯಲ್ಲಿ ಓಟ್ಸನ್ನು ಹಾಲಿಗೆ ನೆನೆಹಾಕಿ ಫ್ರಿಜ್‌ನಲ್ಲಿಡುತ್ತಾಳೆ. ನಾನು ತಂದ ಪೊಟ್ಟಣ ನೋಡಿ, “ಅಮ್ಮಾ, ಈ ಪುಡಿಪುಡಿ ಓಟ್ಸ್ ಅಂಟಂಟಾಗತ್ತೆ, ದಪ್ಪದ್ದು ತಗೋಬೇಕು. ನಮ್ಮಲ್ಲಿ ಇದನ್ನ ಮುಟ್ಟೋದೇ ಇಲ್ಲ” ಎಂದಳು.

ನಮ್ಮಲ್ಲಿ! ಹದಿಮೂರು ವರ್ಷ ನನ್ನ ಪಕ್ಕದಲ್ಲಿ ಮಲಗಿದ ಹುಡುಗಿಗೆ ‘ನಮ್ಮಲ್ಲಿ’ ಅಂದರೆ ಇನ್ನೆಲ್ಲೋ ಆಗಿತ್ತು. ನಾನು ಕೇಳಿಸದವಳ ಹಾಗೆ ತಟ್ಟೆ ಒರೆಸಿದೆ.

ಶಾಲೆಯ ಪಾಲಕರ ಸಭೆಯ ದಿನ ನಿಮ್ಮ ಕೈ ನೋಡಿದೆ. ಮೊಣಕೈ ಕೆಳಗೆ ಅಡ್ಡಡ್ಡ ಸುಟ್ಟ ಗೆರೆಗಳು, ಕೆಲವು ಹಳೆಯವು, ಒಂದು ಹೊಸದು. ನಾನು ನೋಡುತ್ತಿದ್ದೇನೆ ಎಂದು ಗೊತ್ತಾದ ಕೂಡಲೇ ತೋಳಿನ ಗುಂಡಿ ಹಾಕಿಕೊಂಡಿರಿ. ಯಾರದೋ ಅಡುಗೆಮನೆಯಲ್ಲಿ ಕೈಗೆ ಕೈ ಸೇರಿಸಿ ಸಹಾಯ ಮಾಡುತ್ತಿದ್ದಾರೆ, ಅದೂ ಇಷ್ಟು ಸಂಭ್ರಮದಿಂದ ಅಂದುಕೊಂಡೆ. ನಮ್ಮ ಮನೆಯಲ್ಲಿ ನೀವು ಪಾತ್ರೆ ತೊಳೆಯುತ್ತಿದ್ದಿರಿ, ಒಲೆಯ ಹತ್ತಿರ ಮಾತ್ರ ಸುಳಿಯುತ್ತಿರಲಿಲ್ಲ.

ಆ ಹೆಂಗಸಿಗೆ ಮನಸ್ಸಿನಲ್ಲೇ ಒಂದು ರೂಪ ಕೊಟ್ಟೆ. ನನಗಿಂತ ಚಿಕ್ಕವಳು. ಮೆಲುಮಾತಿನವಳು. ಪ್ರಶ್ನೆ ಕೇಳದವಳು. ಮುಖ್ಯವಾಗಿ, ಪ್ರಶ್ನೆ ಕೇಳದವಳು. ಮಗಳನ್ನು ವಾರವಿಡೀ ನಿಮ್ಮಲ್ಲಿಗೆ ಕಳಿಸುವುದು ಅಂದರೆ ಅವಳ ಕೈಗೆ ಕೊಡುವುದು. ಮೊದಲು ನಾಲಿಗೆಗೆ ರುಚಿ ಹತ್ತಿಸಿ, ಆಮೇಲೆ ಮಗುವನ್ನೇ ಕರೆದುಕೊಳ್ಳುವ ಹುನ್ನಾರ ಎಂದು ನನಗೆ ಖಾತ್ರಿಯಾಗಿತ್ತು.

ಸೋಲಬಾರದು ಎಂದು ನಾನೂ ಬಾರ್ ಮಾಡಲು ಹೊರಟೆ. ಜೇನು ಹಾಕಿದೆ, ಬೇಯಿಸಿದೆ, ಬಿಸಿಬಿಸಿಯಾಗಿಯೇ ಚಾಕು ಇಳಿಸಿದೆ. ಎಲ್ಲ ಉದುರಿ ರಾಶಿಯಾಯಿತು. ಮಗಳು ಚಮಚದಲ್ಲಿ ಒಂದಿಷ್ಟು ಎತ್ತಿ, “ಅಮ್ಮಾ, ಇದು ನಮಗೋ, ಕುದುರೆಗೋ?” ಎಂದಳು. ನಕ್ಕೆವು. ಆಮೇಲೆ ಪಾಠ ಬರೆಯುತ್ತಾ, ತಲೆ ಎತ್ತದೆ ಹೇಳಿಕೊಟ್ಟಳು. ಹದವಾಗಿ ಹುರೀಬೇಕಂತೆ. ಟ್ರೇಗೆ ಹಾಕಿ ಹಲಗೆಯಿಂದ ಚೆನ್ನಾಗಿ ಒತ್ತಬೇಕಂತೆ. ಬಿಸಿ ಇರುವಾಗ ಗೆರೆ ಮಾತ್ರ ಹಾಕಿ, ಪೂರ್ತಿ ಆರಿದ ಮೇಲೆ ಕತ್ತರಿಸಬೇಕಂತೆ. ಅಳತೆ ಎಷ್ಟು ಎಂದು ಕೇಳಿದೆ. “ಎಂಟು ಕಿಲೋ ಓಟ್ಸ್‌ಗೆ ಮೂರು ಕಿಲೋ ಖರ್ಜೂರ” ಎಂದಳು.

ಎಂದವಳು ಪೆನ್ನು ನಿಲ್ಲಿಸಿದಳು. ಮುಖ ಕಿವಿಯವರೆಗೂ ಕೆಂಪಾಯಿತು. “ಅಂದ್ರೆ... ನೀನೇ ಭಾಗ ಮಾಡ್ಕೋ, ಅಮ್ಮ. ನಂಗೆ ಲೆಕ್ಕದ ಹೋಂವರ್ಕ್ ಇದೆ” ಎಂದು ಎದ್ದು ಕೋಣೆಗೆ ಹೋದಳು.

ಎಂಟು ಕಿಲೋ! ಮಾರನೆಯ ದಿನ ಆಫೀಸಿನಲ್ಲಿ ಒಂದು ಕಡತವೂ ಮುಂದೆ ಸಾಗಲಿಲ್ಲ. ಪಕ್ಕದ ಮೇಜಿನ ನಮ್ಮ ದೊಡ್ಡಕ್ಕನಿಗೆ ಹೇಳಿದೆ. ನಿಮಗೆ ಗೊತ್ತಲ್ಲ, ಎಲ್ಲರ ಮನೆಯ ವಿಷಯವೂ ತನ್ನದೇ ಎಂದುಕೊಂಡಿರುವವರು. “ಎಂಟು ಕಿಲೋನಾ? ಅವಳದ್ದೇನು ಮನೆನಾ, ಹಾಸ್ಟೆಲಾ? ನಾಲ್ಕಾರು ಮಕ್ಕಳ ತಾಯಿನೇ ಇರಬೇಕು ಕಣೆ. ನಿನ್ನ ಗಂಡ ಹೋಗಿ ಹೋಗಿ ದೊಡ್ಡ ಸಂಸಾರಕ್ಕೇ ಬಿದ್ದಿದ್ದಾನೆ” ಎಂದರು. ನಾನು ನಂಬಿದೆ ನೋಡಿ. ನಾಲ್ಕಾರು ಮಕ್ಕಳ ನಡುವೆ ನನ್ನ ಮಗಳು ಸಾಲಿನಲ್ಲಿ ಕೂತು ತಟ್ಟೆ ಹಿಡಿದಿರುವುದು ಕಣ್ಣಿಗೆ ಕಟ್ಟಿತು.

ನಿನ್ನೆ ಶನಿವಾರ ಬೆಳಗ್ಗೆ ಹೇಳದೆ ಕೇಳದೆ ನಿಮ್ಮ ಮನೆಗೆ ಬಂದೆ. ಮಗಳು ಕನ್ನಡಕ ಇಲ್ಲೇ ಮರೆತು ಹೋಗಿದ್ದಳು, ಅದೇ ನೆಪ. ಮರೆತಿದ್ದಳೋ, ನಾನೇ ಚೀಲದಿಂದ ತೆಗೆದಿಟ್ಟಿದ್ದೆನೋ, ಅದನ್ನು ಕೇಳಬೇಡಿ. ಬಾಗಿಲಿಗೆ ಬೀಗ. ಕೆಳಗಿನ ಅಂಗಡಿಯ ದರ್ಜಿ ಬಟ್ಟೆಯಿಂದ ಕಣ್ಣೆತ್ತಿ ನೋಡಿದರು. “ಅವರಾ? ಬೆಳಕು ಹರಿಯೋ ಮುಂಚೆನೇ ಹೋಗಿಬಿಡ್ತಾರಮ್ಮ, ಮಧ್ಯಾಹ್ನಕ್ಕೇ ಬರೋದು. ಆಫೀಸ್ ಕೆಲಸ ಹೋದಾಗಿಂದ ಹಿಂದಿನ ರಸ್ತೆ ಬೇಕರಿನೇ. ಮಗೂನೂ ಈಗ ಅಲ್ಲಿಗೇ ಹೋಯ್ತು. ನೀವು ಯಾರು, ತಂಗೀನಾ?” ಎಂದರು. ಹೌದು ಎಂದುಬಿಟ್ಟೆ.

ಹಿಂದಿನ ರಸ್ತೆಯಲ್ಲಿ ಬೇಕರಿಯ ಹಿಂಬಾಗಿಲು ತೆರೆದಿತ್ತು. ಎದುರುಗಡೆ ಹಾಲಿನ ವ್ಯಾನ್ ನಿಂತಿತ್ತು, ಅದರ ಮರೆಯಲ್ಲಿ ನಿಂತೆ. ಬಿಳಿ ಟೋಪಿ, ಎದೆಗೆ ಕಟ್ಟಿದ ಬಟ್ಟೆ, ಹುಬ್ಬಿನ ಮೇಲೆ ಹಿಟ್ಟು. ಮೊದಲ ಕ್ಷಣ ನೀವೆಂದು ಗೊತ್ತೇ ಆಗಲಿಲ್ಲ. ಬಾಗಿಲಗಲದ ಟ್ರೇಯಲ್ಲಿ ಓಟ್ಸ್ ಹರಡಿ, ಹಲಗೆಯ ಮೇಲೆ ಮೈಭಾರ ಹಾಕಿ ಒತ್ತುತ್ತಿದ್ದಿರಿ. ಒಳಗಿನಿಂದ ಯಾರೋ, ಯಜಮಾನರೇ ಇರಬೇಕು, “ಸಾಹೇಬ್ರೇ, ಕನಸು ಕಾಣ್ತಿದೀರಾ? ಓವನ್‌ನಲ್ಲಿ ಟ್ರೇ ತಿರುಗಿಸಿ, ಒಂದ್ಕಡೆ ಕಪ್ಪಾಗ್ತಿದೆ!” ಎಂದು ಗದರಿದರು. ಪೇಂಟ್ ಕಂಪನಿಯಲ್ಲಿ ಒಂದು ಇಡೀ ವಿಭಾಗವನ್ನು ನಡುಗಿಸುತ್ತಿದ್ದವರು ನೀವು. ನಾನು ಧ್ವನಿ ಏರಿಸಿದರೆ ಊಟ ಬಿಟ್ಟು ಎದ್ದು ಹೋಗುತ್ತಿದ್ದವರು. ನೀವು “ಆಯ್ತಣ್ಣ, ಆಯ್ತು” ಎಂದು ಓಡಿದಿರಿ.

ಮಗಳು ಮಗುಚಿಟ್ಟ ಪೆಟ್ಟಿಗೆಯ ಮೇಲೆ ಕೂತು ಬಟ್ಟಲಿನಿಂದ ಓಟ್ಸ್ ಗಂಜಿ ಕುಡಿಯುತ್ತಿದ್ದಳು. ನೀವು ಟ್ರೇ ಹಿಡಿದು ಹೊರಬಂದು ಏನೋ ಹೇಳಿದಿರಿ. ಅವಳು ತಲೆ ಹಿಂದಕ್ಕೆ ಹಾಕಿ ಜೋರಾಗಿ ನಕ್ಕಳು. ಆ ನಗುವನ್ನು ನಾನು ಕೇಳಿ ಬಹಳ ಕಾಲವಾಗಿತ್ತು. ಕನ್ನಡಕ ಕೊಡದೆ ಹಿಂದಿರುಗಿದೆ.

ಬಸ್ಸಿನಲ್ಲಿ ಕೂತು ನೆಮ್ಮದಿಪಡಬೇಕಿತ್ತು. ಹೆಂಗಸಿಲ್ಲ, ನಾಲ್ಕಾರು ಮಕ್ಕಳಿಲ್ಲ. ಆದರೆ ನನಗೆ ಬಂದದ್ದು ಸಿಟ್ಟು. ಇನ್ನೊಬ್ಬಳಿದ್ದಿದ್ದರೆ ಅವಳನ್ನು ಬೈದುಕೊಂಡು ಇದ್ದುಬಿಡಬಹುದಿತ್ತು. ಈಗ ಯಾರನ್ನು ಬೈಯಲಿ? ನಿಮಗೆ ಈ ತಾಳ್ಮೆ ಇತ್ತು. ಹೇಳಿಸಿಕೊಳ್ಳುವ ಶಕ್ತಿಯೂ ಇತ್ತು. ಅದು ನನ್ನ ಮುಂದೆ ಮಾತ್ರ ಹೊರಗೆ ಬರಲಿಲ್ಲ. ಕೆಲಸ ಹೋದದ್ದನ್ನು ದರ್ಜಿಗೆ ಹೇಳಿದ್ದೀರಿ, ನನಗೆ ಹೇಳಲಿಲ್ಲ. ಹೇಳಿದ್ದರೆ ಕೆದಕುತ್ತಿದ್ದಳು ಅನ್ನುತ್ತೀರಿ. ಕೆದಕುತ್ತಿದ್ದೆ. ಆದರೆ ನಗುತ್ತಿರಲಿಲ್ಲ. ಇಷ್ಟಾದರೂ ನಿಮಗೆ ಗೊತ್ತಿರಬೇಕಿತ್ತು.

ಮಗಳ ವಿಷಯಕ್ಕೆ ಬರುತ್ತೇನೆ. “ಅಪ್ಪನೇ ಮಾಡಿದ್ದು” ಎಂದು ಅವಳು ಹೇಳಿದ್ದು ನಿಜವಾಗಿತ್ತು. ನಂಬದವಳು ನಾನು. ಆದರೆ ಉಳಿದದ್ದನ್ನು ಅವಳು ನುಂಗಿಕೊಂಡಳು. ನಿಮ್ಮ ಮಾನ ಕಾಯುವ ಕೆಲಸವನ್ನು ಹದಿಮೂರರ ಹುಡುಗಿಗೆ ವಹಿಸಿದ್ದೀರಿ. ಅವಳು ಕೆಂಪಾಗಿ ಎದ್ದು ಹೋದದ್ದನ್ನು ನೀವು ನೋಡಬೇಕಿತ್ತು. ಅದು ಸರಿಯಲ್ಲ, ಇದರಲ್ಲಿ ನನಗೆ ಅನುಮಾನವಿಲ್ಲ.

ಇನ್ನೊಂದು. ಶಾಲೆಯ ದಿನಗಳಲ್ಲಿ ಅವಳನ್ನು ಕಳಿಸಿ ಎಂದು ಕೇಳಿದಾಗ, ನೀವು ಬೆಳಕಿಗೆ ಮೊದಲೇ ಮನೆ ಬಿಡುತ್ತೀರಿ ಎಂಬುದನ್ನು ಹೇಳಲಿಲ್ಲ. ಅವಳನ್ನು ಎಬ್ಬಿಸುವವರು ಯಾರು? ಜ್ವರ ಬಂದರೆ ಹಣೆ ಮುಟ್ಟಿ ನೋಡುವವರು ಯಾರು? ನನ್ನ ಮೇಜಿಗೆ ಇಂಥದ್ದು ಬಂದರೆ ಇಲ್ಲೇ ಗೆರೆ ಎಳೆದು ವಾಪಸ್ ಕಳಿಸುತ್ತಿದ್ದೆ.

‘ಆಗುವುದಿಲ್ಲ’ ಎಂದು ಬರೆಯಲು ಕೂತಿದ್ದೆ. ಬರೆದೂ ಬರೆದೆ, ಹರಿದೂ ಹಾಕಿದೆ. ಯಾಕೆಂದರೆ ಆ ಮಾತು ಅವಳ ಬೆಳಗಿನ ಚಿಂತೆಯಿಂದ ಬಂತೋ, ಆ ನಗುವಿನ ಮೇಲಿನ ಹೊಟ್ಟೆಕಿಚ್ಚಿನಿಂದ ಬಂತೋ ನನಗೇ ತಿಳಿಯಲಿಲ್ಲ. ನಿಮ್ಮ ಮೇಲಿಟ್ಟ ಅನುಮಾನವನ್ನು ನನ್ನ ಮೇಲೂ ಇಡಬೇಕಲ್ಲ.

ಹಾಗಾಗಿ ಇದು ನನ್ನ ಉತ್ತರ. ಕಳಿಸುತ್ತೇನೆ. ಅದಕ್ಕೆ ಮೊದಲು ನೀವು ಮನೆಗೆ ಬಂದು, ಮಗಳ ಎದುರಿಗೆ, ಎಲ್ಲಿ ಕೆಲಸ ಮಾಡುತ್ತಿದ್ದೀರಿ ಎಂದು ನನಗೆ ನಿಮ್ಮ ಬಾಯಿಂದಲೇ ಹೇಳಿ. ನಾನು ಮೊದಲ ಸಲ ಕೇಳಿದವಳಂತೆ ಕೇಳುತ್ತೇನೆ. ಗುಟ್ಟನ್ನು ಕಾಯುವುದು ಸಾಕು ಎಂದು ಅವಳಿಗೆ ಗೊತ್ತಾಗಬೇಕು. ಅವಳ ಬೆಳಗುಗಳ ವ್ಯವಸ್ಥೆ ಏನು ಎಂಬುದನ್ನೂ ಅಂದೇ ಮಾತಾಡೋಣ. ‘ಹ್ಞೂಂ’ ಅನ್ನುವ ಹಾಗಿಲ್ಲ.

ಇಂತಿ,
ನಿಮ್ಮ ಮಗಳ ಅಮ್ಮ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದನ್ನೂ ಬರೆದುಬಿಡುತ್ತೇನೆ, ಎದುರಿಗೆ ಬಂದರೆ ಹೇಳಲಾರೆ. ನನ್ನ ಆಫೀಸ್ ಶುರುವಾಗುವುದು ಅವಳ ಶಾಲೆಯ ಗಂಟೆ ಹೊಡೆದ ಮೇಲೆ. ನಮ್ಮ ಬೀದಿಯಿಂದ ಹೊರಡುವ ಮೊದಲ ಬಸ್ಸು ನಿಮ್ಮ ದರ್ಜಿಯ ಅಂಗಡಿಯ ಮುಂದೆಯೇ ನಿಲ್ಲುತ್ತದೆ, ನಿನ್ನೆ ನೋಡಿಕೊಂಡೆ. ಶಾಲೆಯ ದಿನಗಳಲ್ಲಿ ನೀವು ಹೊರಡುವ ಹೊತ್ತಿಗೆ ನಾನು ಬಂದಿರುತ್ತೇನೆ. ನಿಮ್ಮ ಕಪಾಟು, ಮೇಜಿನ ಖಾನೆ ಏನನ್ನೂ ತೆರೆದು ನೋಡುವುದಿಲ್ಲ ಎಂದು ಮಾತು ಕೊಡಲಾರೆ, ಪ್ರಯತ್ನ ಮಾಡುತ್ತೇನೆ. ಬರುವಾಗ ಇನ್ನೊಂದು ಕೀಲಿ ಮಾಡಿಸಿಕೊಂಡು ಬನ್ನಿ.