ತಿಂಡಿ ಅಂಗಡಿಯ ಕಿಟಕಿ

ಹಾರ್ಲನ್ ಕ್ರೀಕ್, ಒಹಾಯೊ
ಬುಧವಾರ

ಮಾನ್ಯ ಬ್ರೂಬೇಕರ್ ಅವರಿಗೆ,

ನನ್ನ ಮಗ ವೇಡ್‌ನ ಫುಟ್ಬಾಲ್ ಶುಲ್ಕದ ಬದಲು ಹೈಸ್ಕೂಲು ಮೈದಾನದ ತಿಂಡಿ ಅಂಗಡಿಯಲ್ಲಿ ದುಡಿಯಲು ಅವಕಾಶ ಕೊಟ್ಟಿರಿ. ನಿಮ್ಮ ಉಪಕಾರ ಮರೆತಿಲ್ಲ. ನೀವು ಕಟ್ಟಿಸಿದ ಹೊಸ ಅಂಗಡಿಯೂ ಚೆನ್ನಾಗಿದೆ. ಆದರೆ ಅದರ ಕಿಟಕಿ ಇರುವುದು ಕಾರು ನಿಲ್ಲಿಸುವ ಕಡೆಗೆ. ಹಿಂದೆ ಬೇಲಿ ಪಕ್ಕ ಮೇಜು ಹಾಕಿ ಮಾರುವಾಗ ಮಗ ಡಿಕ್ಕಿ ತಿಂದು ಬಿದ್ದದ್ದೂ ಎದ್ದದ್ದೂ ಕಾಣುತ್ತಿತ್ತು. ಈಗ ಬರೀ ಸದ್ದು. ಜನ ಸುಮ್ಮನಾದರೆ ಯಾರೋ ಬಿದ್ದರೆಂದು ಗೊತ್ತು, ಯಾರೆಂದು ಗೊತ್ತಾಗದು.

ಕಳೆದ ಶುಕ್ರವಾರ ಹಾಗೆಯೇ ಇಡೀ ಮೈದಾನ ಸುಮ್ಮನಾಯಿತು. ನಾನು ಪರಿಚಯವಿಲ್ಲದ ಹೆಂಗಸೊಬ್ಬರಿಗೆ ಬಿಸಿ ಚಾಕೊಲೇಟ್ ಕೊಡುತ್ತಿದ್ದೆ. ಹುಡುಗಿಯೊಬ್ಬಳು ಓಡಿಬಂದು, "ನಮ್ಮ ಟೀಮಿನವನು ಯಾರೋ ಬಿದ್ದಿದಾನೆ, ಏಳ್ತಾನೇ ಇಲ್ಲ" ಅಂದಳು.

"ನಂಬರ್ ಎಷ್ಟಮ್ಮಾ?"

"ಮೂವತ್ತೊಂದು."

ವೇಡ್‌ನದು ಐವತ್ತೆರಡು. "ಸದ್ಯ, ನಮ್ಮ ಹುಡುಗ ಅಲ್ಲ" ಎಂದು ಜೋರಾಗಿಯೇ ಅಂದುಬಿಟ್ಟೆ.

ಆ ಹೆಂಗಸು ನನ್ನನ್ನೇ ನೋಡಿದರು. ಲೋಟ ಮೆಲ್ಲಗೆ ಕೆಳಗಿಟ್ಟು ಮೈದಾನದ ಕಡೆ ಓಡಿದರು. ಮೂವತ್ತೊಂದು ಅವರ ಮಗನಂತೆ.

ಆ ಹುಡುಗ ಇನ್ನೂ ಆಸ್ಪತ್ರೆಯಲ್ಲಿದ್ದಾನೆ. ನಾಡಿದ್ದು ಮತ್ತೆ ಪಂದ್ಯ. ಆಡಬೇಡ ಅಂದರೆ ವೇಡ್, "ಸುಮ್ನಿರಮ್ಮ, ನಂಗೇನೂ ಆಗಲ್ಲ" ಅನ್ನುತ್ತಾನೆ. ಪಂದ್ಯ ಮುಗಿದ ಮೇಲೆ ಬೇಕಾದರೆ ಮೈದಾನವೆಲ್ಲ ಗುಡಿಸುತ್ತೇನೆ. ಆಟ ನಡೆಯುವಾಗ ಮಾತ್ರ ದಯವಿಟ್ಟು ನನ್ನನ್ನು ಮಗ ಕಾಣುವ ಜಾಗದಲ್ಲಿ ನಿಲ್ಲಿಸಿ.

ಆ ಹುಡುಗನ ತಾಯಿ ಅಂದು ಕೈಗವಸು ಕಿಟಕಿಯಲ್ಲೇ ಬಿಟ್ಟುಹೋಗಿದ್ದಾರೆ. ಇದರ ಜೊತೆ ಕಳಿಸಿದ್ದೇನೆ. ನೀವೇ ಕೊಟ್ಟುಬಿಡಿ. ಅವರೆದುರು ನಿಲ್ಲಲು ನನ್ನಿಂದಾಗದು.

ಇಂತಿ,
ಲೋರ್ನಾ ಕೆಸ್ಲರ್
ಐವತ್ತೆರಡರ ತಾಯಿ