ಒಂಬತ್ತನೇ ನಂಬರಿನ ಜರ್ಸಿ

ಸಂಶಿ
12 ಫೆಬ್ರುವರಿ 2025

ಅಮೃತಾಳ ಪಪ್ಪಾ ಅವರಿಗೆ ಸುವರ್ಣಾಳ ನಮಸ್ಕಾರ.

ಹೇಗಿದ್ದೀರಿ? ಗಡಿಯಲ್ಲಿ ಹಿಮ ಕಡಿಮೆಯಾಯಿತೇ? ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತೀರೋ, ಇಲ್ಲ ಶೀಸೆ ಪೆಟ್ಟಿಗೆಯಲ್ಲೇ ಕುಳಿತಿದೆಯೋ? ನಾವೆಲ್ಲ ಆರಾಮ. ಅತ್ತೆಯವರ ಕೆಮ್ಮು ಇಳಿದಿದೆ. ಹೊಲದಲ್ಲಿ ಕಡಲೆ ಕಿತ್ತು ಮುಗಿಯಿತು. ಅಮೃತಾ ಈಗ ನಿಮ್ಮ ಫೋಟೋಕ್ಕೆ ಸಲಾಮು ಹೊಡೆದೇ ಶಾಲೆಗೆ ಹೋಗುವುದು. ಎಂಟು ದಿನಕ್ಕೊಮ್ಮೆ ಸಿಗುವ ಎರಡು ನಿಮಿಷದ ಫೋನಿನಲ್ಲಿ ಈ ಮಾತು ಹೇಳಲು ನನ್ನಿಂದ ಆಗಲಿಲ್ಲ, ಅದಕ್ಕೇ ಪತ್ರ.

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ನಿಮ್ಮ ಟ್ರಂಕಿನಲ್ಲಿದ್ದ ಬಾಸ್ಕೆಟ್‌ಬಾಲ್ ಜರ್ಸಿಗಳನ್ನು ಹೋದ ಮಹಾನವಮಿಗೆ ಒಗೆದುಬಿಟ್ಟೆ. ಹದಿನೇಳನ್ನೂ. ಹಬ್ಬಕ್ಕೆಂದು ಮನೆಯ ಹಾಸಿಗೆ ಹೊದಿಕೆಯನ್ನೆಲ್ಲ ಹಳ್ಳಕ್ಕೆ ಹೊರುವಾಗ ಅತ್ತೆಯವರು, "ಆ ಟ್ರಂಕಿನಾಗಿಂದೂ ತಗಿ, ಮಂದಿ ಬೆವರು ಮನ್ಯಾಗ ಇಟಗೊಂಡು ಹಬ್ಬ ಮಾಡೂದೇನ?" ಅಂದರು. ಬೇಡವೆನ್ನಬಹುದಿತ್ತು, ಅನ್ನಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಆ ವಾಸನೆ ಸಾಕಾಗಿತ್ತು. ಪಂದ್ಯ ಮುಗಿದೊಡನೆ ಆಟಗಾರನ ಮೈಮೇಲಿನದನ್ನೇ ಬೇಡಿ, ಬದಲಿಗೆ ಹೊಸ ಬನಿಯನ್ ಕೊಟ್ಟು ತರುವ ಗಂಡ ಈ ಸೀಮೆಯಲ್ಲಿ ಇನ್ನೊಬ್ಬನಿರಲಿಕ್ಕಿಲ್ಲ. ಆಡಿದ ಬೆವರು ಇರುವವರೆಗೆ ಅದು ಜರ್ಸಿ, ಒಗೆದರೆ ಬರೀ ಅರಿವೆ ಎನ್ನುತ್ತಿದ್ದಿರಿ. ಕಲ್ಲಿನ ಮೇಲೆ ಒಣಹಾಕುವಾಗ ಅದು ನೆನಪಾಗಿ ಹೆದರಿದೆ. ಯಾರದು, ಯಾವ ಪಂದ್ಯ ಎಂದು ನೀವು ಬರೆದ ಚೀಟಿಗಳನ್ನು ಮೊದಲಿನಂತೆ ಪಿನ್ ಹಚ್ಚಿ ಮಡಚಿಟ್ಟೆ, ನಿಮಗೆ ಹೇಳಲಿಲ್ಲ.

ಅದರಲ್ಲಿ ಒಂಬತ್ತನೇ ನಂಬರಿನದು ಬೀರೇಶನದು, ಜಿಲ್ಲಾ ಫೈನಲ್‌ನಲ್ಲಿ ಹಾಕಿಕೊಂಡಿದ್ದು. ಆ ಹುಡುಗ ಡಿಸೆಂಬರಿನಲ್ಲಿ ಬೈಕಿನಿಂದ ಬಿದ್ದು ತೀರಿಕೊಂಡಿದ್ದನ್ನು ಫೋನಿನಲ್ಲಿ ಹೇಳಿದ್ದೆನಲ್ಲ. ಹೋದ ಶುಕ್ರವಾರ ಅವನ ತಾಯಿ ಮೈಲಾರವ್ವ ನಮ್ಮ ಮನೆ ಹುಡುಕಿಕೊಂಡು ಬಂದಿದ್ದರು. ಮಗ ಹೋದಾಗ ಅವನ ತಂದೆ ಮಾಳಿಂಗರಾಯರು ಕುರಿ ಹಿಂಡಿನ ಸಂಗಡ ಬಳ್ಳಾರಿ ಕಡೆ ಇದ್ದರಂತೆ. ಊರು ಮುಟ್ಟುವಷ್ಟರಲ್ಲಿ ಮಣ್ಣು ಮುಗಿದಿತ್ತು. ಮಗನ ಮುಖ ಸಿಗಲಿಲ್ಲ, ಅವನ ಬಟ್ಟೆಗಳನ್ನೂ ಅವನ ಜೊತೆಗೇ ಇಟ್ಟುಬಿಟ್ಟಿದ್ದರು. ಅಂದಿನಿಂದ ಅವರು ಹಿಂಡಿನ ಕಡೆ ಹೋಗಿಲ್ಲ, ಸರಿಯಾಗಿ ಊಟ ಮಾಡಿಲ್ಲ. "ಸಂಶಿ ಅಣ್ಣ ನನ್ನ ಜರ್ಸಿ ಒಗೀದನ ಇಟ್ಟಾನ ಅಂತ ಹೇಳಿ ನಗತಿದ್ದನವಾ. ಅದನ್ನ ಕೊಡು. ಅವರಪ್ಪಗ ಮಗನ ವಾಸನಿಯರ ಸಿಗಲಿ" ಎಂದು ಸೆರಗೊಡ್ಡಿದರು.

ತೆಗೆದು ಕೊಟ್ಟೆ. ನಿಮ್ಮನ್ನು ಕೇಳಲಿಲ್ಲ, ನೀವಿದ್ದರೂ ಕೊಡುತ್ತಿದ್ದಿರಿ. ಆದರೆ ಅವರು ಅದನ್ನು ಹಿಡಿದು, "ಒಗದಿಲ್ಲ ಹೌದಿಲ್ಲವಾ?" ಎಂದು ಕೇಳಿದಾಗ ಮುಖ ನೋಡಿಯೇ "ಇಲ್ಲಬೇ" ಎಂದೆ. ಅವರು ಎದೆಗವಚಿಕೊಂಡು ಬಸ್ಸಿಗೆ ಹೋದರು. ನನಗೆ ಅಂದಿನಿಂದ ತುತ್ತು ಇಳಿಯುತ್ತಿಲ್ಲ. ನಿಮ್ಮ ವಸ್ತು ಕೆಡಿಸಿದ್ದಕ್ಕೆ ನೀವು ಬೈಯುತ್ತೀರಿ, ಆ ತಾಯಿಗೆ ಸುಳ್ಳು ಹೇಳಿದ್ದಕ್ಕೆ ಯಾರ ಹತ್ತಿರ ಬೈಸಿಕೊಳ್ಳಲಿ? ನಾಳೆ ಅವರ ಊರಿಗೆ ಹೋಗಿ ನಿಜ ಹೇಳಿ ಕಾಲಿಗೆ ಬೀಳುತ್ತೇನೆ.

ಅತ್ತೆಯವರು ಆಶೀರ್ವಾದ ತಿಳಿಸಿದ್ದಾರೆ, ಅಮೃತಾ ಮುತ್ತು ಕೊಟ್ಟಿದ್ದಾಳೆ. ಕಿವಿ ಮುಚ್ಚಿಕೊಂಡು ಪಹರೆಗೆ ನಿಲ್ಲಿ.

ನಿಮ್ಮ
ಸುವರ್ಣಾ

ತಾ.ಕ.: ಪತ್ರ ಇನ್ನೂ ಹಾಕಿಲ್ಲ, ಹೋಗಿ ಬಂದು ಇಷ್ಟನ್ನು ಸೇರಿಸುತ್ತಿದ್ದೇನೆ. ನಾನು ಬಾಯಿ ತೆರೆಯುವ ಮೊದಲೇ ಮೈಲಾರವ್ವ ನನ್ನನ್ನು ಹಿತ್ತಲಿಗೆ ಕರೆದೊಯ್ದರು. "ನಿಮ್ಮ ಹೊಚ್ಚಲಾ ದಾಟೂದ್ರಾಗ ಸಬಕಾರದ ವಾಸನಿ ಗೊತ್ತಾತವಾ. ಅವರಪ್ಪಗ ಹೇಳಬ್ಯಾಡ. ಮಾರಿಗೆ ಹಚಗೊಂಡು, ಇದು ನನ್ನ ಮಗನ ವಾಸನಿನ ಅಂತಾನ. ನಿನ್ನಿ ಎರಡು ರೊಟ್ಟಿ ಉಂಡಾನ" ಎಂದರು. ನೀವು ರಜೆಗೆ ಬಂದಾಗ ಮಾಳಿಂಗರಾಯರು ನಿಮ್ಮನ್ನು ಕಾಣಲು ಬರುತ್ತಾರಂತೆ. ಅವರು ಕೇಳಿದರೆ, ಒಗೆದಿಲ್ಲ ಅನ್ನಿ.