ಬಲೆಕೋಣೆಯಲ್ಲಿ ಒಂದು ಕ್ಯಾನು

ಬೆಳಕೆ
೧೨-೧-೧೯೮೧

ನನ್ನ ಶನಿಯಾರಣ್ಣನಿಗೆ,

ಹೇಗಿದ್ದೀಯಾ? ರತ್ನಾಗಿರಿಯ ಚಳಿಗೆ ನಿನ್ನ ಕೆಮ್ಮು ಮತ್ತೆ ಎದ್ದಿದೆಯಾ, ಬೋಟಿನಲ್ಲಿ ಅನ್ನ ಯಾರು ಮಾಡುತ್ತಾರೆ, ಹೋದ ಸಲ ಕೇಳಿದ್ದಕ್ಕೆ ಒಂದಕ್ಕೂ ಉತ್ತರವಿಲ್ಲ. ಇರಲಿ, ನೀನು ಬರೆಯುವವನಲ್ಲ ಅಂತ ಗೊತ್ತಿದ್ದೇ ಬರೆಯುತ್ತೇನೆ. ಅಮ್ಮ, ಅಜ್ಜಿ ಚೆನ್ನಾಗಿದ್ದಾರೆ. ನಾನು ಮಾತ್ರ ಬೆಳಿಗ್ಗೆ ಎದ್ದರೆ ಕಣ್ಣು ಬಿಡಲಾಗದಷ್ಟು ಊದಿಕೊಂಡಿರುತ್ತೇನೆ. ಕಾಲಿನ ಮೇಲೆ ಬೆರಳು ಒತ್ತಿದರೆ ಗುಳಿ ಹಾಗೇ ನಿಲ್ಲುತ್ತದೆ.

ಭಟ್ಕಳದ ಡಾಕ್ಟರು ಒಂದು ಬಿಳಿ ಕ್ಯಾನು ಕೊಟ್ಟರು. ಬೆಳಿಗ್ಗೆಯ ಮೊದಲ ಮೂತ್ರ ಚೆಲ್ಲಿ, ಆಮೇಲೆ ಮರುದಿನ ಅದೇ ಹೊತ್ತಿನವರೆಗೆ ಒಂದು ಹನಿಯೂ ಬಿಡದೆ ಅದರಲ್ಲೇ ಹಿಡಿದು, ತಂಪಾಗಿಟ್ಟು ತರಬೇಕಂತೆ. ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಅಂತ ಅದರಿಂದ ಗೊತ್ತಾಗುತ್ತದಂತೆ. ನಗಬೇಡ ಅಣ್ಣ. ಹೊರಕಡೆಗೆ ಗಾಳಿಮರದ ಹಿಂದೆ ಹೋಗುವವರು ನಾವು, ಕ್ಯಾನು ಹಿಡಿದು ಅಂಗಳ ದಾಟಿದರೆ ಇಡೀ ಕೇರಿ ನೋಡುತ್ತದೆ. ಅದರ ಮೇಲೆ ಹೊನ್ನಾವರದ ಮಾದೇವನ ಮನೆಯವರು ಹುಣ್ಣಿಮೆ ಕಳೆದ ಮೇಲಿನ ಭಾನುವಾರ ನನ್ನ ಮದುವೆಯ ವೀಳ್ಯಕ್ಕೆ ಬರುವವರಿದ್ದಾರೆ. ಹುಡುಗಿಗೆ ಕಿಡ್ನಿ ಕಾಯಿಲೆ ಅಂತ ಅವರಿಗೆ ಗೊತ್ತಾದರೆ ಮುಗಿಯಿತು. ಅದಕ್ಕೆ ಅಮ್ಮ, ಕಮಲಿ ಮುಟ್ಟಾಗಿ ಹೊರಗೆ ಕೂತಿದ್ದಾಳೆ ಅಂತ ಊರಿಗೆಲ್ಲ ಹೇಳಿ, ನನ್ನನ್ನೂ ಕ್ಯಾನನ್ನೂ ಬಲೆ ಇಡುವ ಕೋಣೆಗೆ ಹಾಕಿ ಚಿಲಕ ಎಳೆದಳು. ಕಿಟಕಿ ಇಲ್ಲ. ಪಕ್ಕದ ಮನೆ ಹೊನ್ನಮ್ಮನ ರೇಡಿಯೋ ಗೋಡೆಯಾಚೆ ಹಾಡುತ್ತಿತ್ತು, ಪ್ರತಿ ಹಾಡೂ ನನಗೆ ಗೊತ್ತಿತ್ತು, ಗಟ್ಟಿಯಾಗಿ ಗುನುಗುವ ಹಾಗೂ ಇರಲಿಲ್ಲ.

ಸಂಜೆ ಅಜ್ಜಿ ಗಂಜಿ ತಂದಳು. ಕ್ಯಾನು ತೋರಿಸಿ, ಇದು ನಾಳೆವರೆಗೆ ಕೆಡುವುದಿಲ್ಲವೇನೇ ಎಂದು ಕೇಳಿದಳು, ಕೆಡಬಾರದು ಎಂದೆ. ಅಷ್ಟೇ. ನಾನು ನಿದ್ದೆ ಹೋದಾಗ ಮೀನು ಒಣಗಿಸುವ ಉಪ್ಪನ್ನು ಎರಡು ಹಿಡಿ ತಂದು ಅದರೊಳಗೆ ಸುರಿದಿದ್ದಾಳೆ. ಮರುದಿನ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡುವವರು ಕ್ಯಾನು ಓರೆ ಮಾಡಿದರೆ ತಳದಲ್ಲಿ ಹರಳು ಜಾರುತ್ತಿತ್ತು. "ಎಂತ ಮಾರಾಯ್ತಿ, ಉಪ್ಪಿಗೆ ಹಾಕಿ ತಂದ್ಯಾ?" ಎಂದರು. ಎಲ್ಲ ಚೆಲ್ಲಿ, ತೊಳೆದು, ಇನ್ನೊಮ್ಮೆ ಹಿಡಿದು ತರಲು ಹೇಳಿದರು. ಅಜ್ಜಿಯನ್ನು ಕೇಳಿದರೆ, "ಬಂಗಡೆನೇ ಮಳೆಗಾಲ ಪೂರ್ತಿ ಉಳಿತದೆ, ಇದೆಂತ ಮಹಾ?"

ಜೊತೆಗೆ ಬಂದಿದ್ದ ಅಮ್ಮ ಮನೆಗೆ ಬಂದ ಮೇಲೆ ಹೇಳಿದ್ದು ಇಷ್ಟೇ, "ಆ ಕ್ಯಾನು ಇನ್ನ್ ಮುಟ್ಟುದು ಬ್ಯಾಡ. ಮದ್ವಿ ಆಗ್ಲಿ, ಬೇಕಾದ್ರೆ ಗಂಡನ ಮನೆಯವ್ರು ತೋರಿಸ್ಲಿ." ಅಮ್ಮನ ಮೇಲೆ ಸಿಟ್ಟು ಮಾಡಲೂ ಆಗುವುದಿಲ್ಲ. ಅಪ್ಪ ಹೋದ ಮೇಲೆ ಬಂದು ನನ್ನನ್ನು ನೋಡಿ ಹೋದವರೇ ಹೆಚ್ಚು, ಹೂಂ ಅಂದವರು ಇವರೊಬ್ಬರೇ. ಆದರೆ ಅಲ್ಲಿ ಹೋಗಿ ನಾನು ಹಾಸಿಗೆ ಹಿಡಿದರೆ ಅವರು ಸುಮ್ಮನಿರುತ್ತಾರಾ? ಗಂಟು ಸಮೇತ ಇಲ್ಲಿಗೇ ತಂದು ಬಿಡುತ್ತಾರೆ. ಮಾದೇವನಾದರೂ ಏನು ತಪ್ಪು ಮಾಡಿದ್ದಾನೆ ಹೇಳು.

ಹೋದ ವಾರ ಅಮ್ಮ ಊರಿಗೆ ಹೇಳಿದ ಸುಳ್ಳನ್ನು ಇವತ್ತು ನಾನು ಅಮ್ಮನಿಗೆ ಹೇಳಿದ್ದೇನೆ, ಮುಟ್ಟಾಗಿದ್ದೇನೆ ಅಂತ, ನಂಬಿದಳು. ಬಲೆಕೋಣೆಯಲ್ಲೇ ಕೂತು ಇದನ್ನು ಬರೆಯುತ್ತಿದ್ದೇನೆ. ಬೆಳಿಗ್ಗೆಯಿಂದ ಮತ್ತೆ ಹಿಡಿಯುತ್ತಿರುವ ಕ್ಯಾನು ಹಳೇ ಬಲೆಯ ರಾಶಿಯ ಅಡಿ ಇದೆ. ಅಜ್ಜಿಗೆ ಎಲ್ಲ ಹೇಳಿದೆ. ಅವಳು ಮೀನುಬುಟ್ಟಿ ಎಳೆದುಕೊಂಡು, "ಉಪ್ಪು ಬ್ಯಾಡ. ಐಸ್ ಆತಾ?" ಎಂದಳು.

ಬೋಟಿನವರನ್ನೆಲ್ಲ ಕೇಳಿದೆ ಅನ್ನು. ಗಾಳಿ ಎದ್ದಾಗ ನೀನೇ ಮುಂದೆ ಹೋಗಿ ನಿಲ್ಲಬೇಡ. ದೇವರು ನಿನಗೆ ದಡ ಕಾಣಿಸುತ್ತಿರಲಿ.

ನಿನ್ನ ತಂಗಿ,
ಕಮಲಿ

ಮರೆತಿದ್ದೆ: ನಾಳೆ ಅಜ್ಜಿ ಕ್ಯಾನನ್ನು ಮೀನುಬುಟ್ಟಿಯ ಐಸಿನಲ್ಲಿ ಹುಗಿದು ಭಟ್ಕಳಕ್ಕೆ ಒಯ್ಯುತ್ತಾಳೆ, ಈ ಕಾಗದವನ್ನೂ ಅವಳೇ ಹಾಕುತ್ತಾಳೆ. ರಿಪೋರ್ಟು ನಿನ್ನ ಕೈಗೇ ಕೊಡಬೇಕು ಅಂತ ಆಸ್ಪತ್ರೆಯಲ್ಲಿ ಹೇಳಿಸುತ್ತೇನೆ. ವೀಳ್ಯದ ಭಾನುವಾರಕ್ಕೆ ಮೊದಲು ಬಾ. ಕೆಟ್ಟದ್ದಿದ್ದರೆ ಮಾದೇವನಿಗೂ ಅಮ್ಮನಿಗೂ ನೀನೇ ಹೇಳು, ನಾನು ಹೇಳಿದರೆ ಇಲ್ಲಿ ಹಟ ಅನ್ನುತ್ತಾರೆ. ಒಳ್ಳೆಯದಿದ್ದರೂ ಬಾ. ಬರಲಾಗುವುದಿಲ್ಲ ಅಂತಾದರೆ ಮಾತ್ರ ಬರೆಯಬೇಡ, ಶನಿವಾರದ ಕೊನೇ ಬಸ್ಸಿನವರೆಗೂ ನೀನು ಬರುತ್ತೀ ಅಂದುಕೊಂಡೇ ಇರುತ್ತೇನೆ.